ಓದುಗರ ಪ್ರಶ್ನೆ: ಅರ್ಧ ಕತ್ತರಿಸಿದ ಇಗ್ಲೂ

ಪ್ರಶ್ನೆ: ಸಾಕ್ಷ್ಯಚಿತ್ರದ ದೃಶ್ಯಗಳನ್ನೂ ಕಥಾಚಿತ್ರದಂತೆ ಸಜ್ಜುಗೊಳಿಸಿ ಚಿತ್ರೀಕರಿಸುತ್ತಾರೆಂದು ಕೇಳಿದ್ದೇನೆ. ನಿರ್ದೇಶಕರೇ ಇದನ್ನು ಹೇಳಿಕೊಂಡ ಉದಾಹರಣೆ ಇದೆಯೇ?

ಉತ್ತರ: ಇದೆ, ಅದೂ ಈ ಪ್ರಕಾರದ ಆರಂಭಕಾಲದ್ದೇ. ಕೆನಡಾದ ಹಡ್ಸನ್ ಕೊಲ್ಲಿಯ ತೀರದ ಇನುಯಿಟ್ ಜನರ ಬದುಕನ್ನು ಚಿತ್ರೀಕರಿಸಿ 1922ರಲ್ಲಿ ‘ನಾನೂಕ್ ಆಫ್ ದಿ ನಾರ್ತ್’ ಚಿತ್ರವನ್ನು ತೆರೆಗೆ ತಂದ ರಾಬರ್ಟ್ ಫ್ಲಾಹರ್ಟಿಯವರು, ಹಿಮದ ಮನೆಯಾದ ಇಗ್ಲೂ ಚಿತ್ರೀಕರಣಕ್ಕೆ ತೀರ ಇಕ್ಕಟ್ಟಾಗಿದ್ದುದರಿಂದ 25 ಅಡಿ ವ್ಯಾಸದ ಇಗ್ಲೂವನ್ನು ಕಟ್ಟಿಸಿದ್ದನ್ನೂ, ಮಂಜುಗಡ್ಡೆಯ ಕಿಟಕಿಗಳಿಂದ ಬಂದ ಬೆಳಕು ಸಾಲದೆ ಅದರ ಗುಮ್ಮಟದ ಅರ್ಧಭಾಗವನ್ನೇ ಕತ್ತರಿಸಿ ತೆಗೆಸಿದ್ದನ್ನೂ ತಮ್ಮ ಬರಹದಲ್ಲಿ ಮುಚ್ಚುಮರೆಯಿಲ್ಲದೆ ವಿವರಿಸಿದ್ದಾರೆ. ತೆರೆಯ ಮೇಲೆ ಬೆಚ್ಚಗೆ ಮಲಗಿರುವಂತೆ ಕಾಣುವವರು ವಾಸ್ತವದಲ್ಲಿ ಬಯಲಿನ ಕೊರೆಯುವ ಚಳಿಯಲ್ಲಿದ್ದರು.

ಇಷ್ಟನ್ನು ತಾಂತ್ರಿಕ ಅನಿವಾರ್ಯತೆ ಎಂದು ಒಪ್ಪಬಹುದು. ಆದರೆ ಬಂದೂಕು ಆಗಲೇ ಬಳಕೆಗೆ ಬಂದಿದ್ದರೂ ಈಟಿಯಿಂದಲೇ ಬೇಟೆಯಾಡಿಸಿದ್ದು, ಅಲ್ಲಾಕರಿಯಲ್ಲಾಕ್ ಎಂಬ ನಿಜನಾಮದ ನಾಯಕನನ್ನು ‘ನಾನೂಕ್’ ಎಂದು ಪರಿಚಯಿಸಿದ್ದು, ಅವನ ಹೆಂಡತಿಯಲ್ಲದವಳನ್ನು ಹೆಂಡತಿಯೆಂದು ತೋರಿಸಿದ್ದು, ಇವಾವುವಕ್ಕೂ ಬೆಳಕಿನ ಕೊರತೆಯ ಸಮರ್ಥನೆ ಸಲ್ಲದು. ಚಿತ್ರದ ಆರಂಭದ ಬರಹದಲ್ಲಿ ಇದನ್ನು ಒಂದು ಸಾಲಿನಲ್ಲಾದರೂ ತಿಳಿಸಬೇಕಿತ್ತು ಎಂಬುದು ನಮ್ಮ ಅಭಿಪ್ರಾಯ.