ತಪ್ಪೆಷ್ಟು ಅಂತ ಹೇಳದ ಗಡಿಯಾರ

ಓದುಗರ ಪತ್ರ: ಉಪಗ್ರಹದಿಂದ ಬರುವ ಸಮಯ ಸೆಕೆಂಡಿನ ಕೋಟಿಯಲ್ಲಿ ಒಂದು ಪಾಲಿನಷ್ಟು ನಿಖರ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದಿರಿ. ಅದನ್ನು ನಂಬಿ ಯುಎಸ್‌ಬಿ ಜಿಪಿಎಸ್ ರಿಸೀವರ್ ತಂದು ಕಂಪ್ಯೂಟರಿಗೆ ಸಿಕ್ಕಿಸಿದೆ. ಗಡಿಯಾರ 140 ಮಿಲಿಸೆಕೆಂಡು ಹಿಂದೆ ಬಿತ್ತು! ಮೊದಲು ಇಂಟರ್‌ನೆಟ್ಟಿನಿಂದ ಬರುತ್ತಿದ್ದ ಸಮಯವೇ ವಾಸಿ, ಐದಾರು ಮಿಲಿಸೆಕೆಂಡಿನ ಒಳಗೆ ಇರುತ್ತಿತ್ತು. ದುಡ್ಡು ದಂಡವಾಯಿತು. ರಿಸೀವರನ್ನು ಡಬ್ಬಿಗೆ ಹಾಕಿಟ್ಟಿದ್ದೇನೆ. ಉಪಗ್ರಹದ ಮಾತೆಲ್ಲ ಬರೀ ಬಡಾಯಿ ಅಲ್ವಾ?

ಸಂಪಾದಕರ ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಬೇಜಾರಾಯಿತು. ಎರಡನೇ ಸಲ ಖುಷಿಯಾಯಿತು, ಯಾಕೆಂದರೆ ನೀವು ಅಳೆದು ನೋಡಿದ್ದೀರಿ. ರಿಸೀವರಿನ ದೀಪ ಮಿನುಗಿದರೆ ಸಾಕು, ಎಲ್ಲ ಸರಿಯಾಯಿತು ಅಂತ ಸುಮ್ನೆ ಕೂರುವವರೇ ಜಾಸ್ತಿ. ನೀವು 140 ಎಂದು ಅಂಕಿ ಬರೆದು ಕಳಿಸಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರ ಆ ಅಂಕಿಯಲ್ಲೇ ಇದೆ. ಅದನ್ನು ಕೆದಕದೆ ಡಬ್ಬಿ ಮುಚ್ಚಿದ್ದು ಮಾತ್ರ ಸರಿಯಲ್ಲ.

ಇಂಟರ್‌ನೆಟ್ ಸಮಯದ ಬಗ್ಗೆ ನೀವು ಹೇಳಿದ್ದರಲ್ಲಿ ನಿಜ ಇದೆ, ಒಪ್ಪುತ್ತೇನೆ. ಮೇಲ್ ಕಳಿಸಲು, ಲೆಕ್ಕ ಬರೆಯಲು ಅದು ಧಾರಾಳವಾಗಿ ಸಾಕು. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಮಿಲ್ಸ್ 1985ರಲ್ಲಿ ಎನ್‌ಟಿಪಿಯ, ಅಂದರೆ ನೆಟ್‌ವರ್ಕಿನ ಮೂಲಕ ಕಂಪ್ಯೂಟರುಗಳ ಗಡಿಯಾರ ಹೊಂದಿಸುವ ಪದ್ಧತಿಯ, ಮೊದಲ ವಿವರಣೆ ಪ್ರಕಟಿಸಿದರು. ಅವತ್ತಿನಿಂದ ಇವತ್ತಿನವರೆಗೆ ಅದು ಲೋಕದ ಕಂಪ್ಯೂಟರುಗಳನ್ನೆಲ್ಲ ಒಂದೇ ಹೊತ್ತಿಗೆ ನಿಲ್ಲಿಸಿಕೊಂಡು ಬಂದಿದೆ. ದೊಡ್ಡ ಕೆಲಸ ಅದು.

ಆದರೆ ನಿಮ್ಮ ಐದಾರು ಮಿಲಿಸೆಕೆಂಡು ಯಾವುದಕ್ಕೆ ಹೋಲಿಸಿದ್ದು? ಅದೇ ಇಂಟರ್‌ನೆಟ್ಟಿಗೆ ತಾನೆ? ನಿಮ್ಮ ಕಂಪ್ಯೂಟರ್ ಎನ್‌ಟಿಪಿ ಸರ್ವರಿಗೆ, ಅಂದರೆ ಸಮಯ ಹೇಳುವ ದೂರದ ಕಂಪ್ಯೂಟರಿಗೆ, ಒಂದು ಪ್ರಶ್ನೆ ಕಳಿಸುತ್ತದೆ, ಉತ್ತರ ಪಡೆಯುತ್ತದೆ, ಹೋಗಿಬರಲು ಹಿಡಿದ ಹೊತ್ತನ್ನು ಅಳೆಯುತ್ತದೆ. ಹೋಗಲು ಅರ್ಧ, ಬರಲು ಅರ್ಧ ಎಂದು ಇಟ್ಟುಕೊಳ್ಳುತ್ತದೆ. ಹೋಗುವಾಗ 10 ಮಿಲಿಸೆಕೆಂಡು, ಬರುವಾಗ 50 ಹಿಡಿದರೆ ಗಡಿಯಾರ 20 ಮಿಲಿಸೆಕೆಂಡು ತಪ್ಪುತ್ತದೆ. ಆ ತಪ್ಪು ಒಳಗೆ ಕೂತು ನೋಡುವವರಿಗೆ ಕಾಣುವುದೇ ಇಲ್ಲ. ತಕ್ಕಡಿಯನ್ನು ಅದೇ ತಕ್ಕಡಿಯಲ್ಲಿ ತೂಗಿದ ಹಾಗಾಯಿತು.

ಈಗ ನಿಮ್ಮ 140ಕ್ಕೆ ಬರೋಣ. ರೇಡಿಯೋದಲ್ಲಿ ಯಾರೋ 'ಈಗ ಸಮಯ ಹನ್ನೆರಡು ಗಂಟೆ' ಅಂತಾರೆ ಅಂದುಕೊಳ್ಳಿ. ಹನ್ನೆರಡಾಗಿದ್ದು ಯಾವ ಅಕ್ಷರಕ್ಕೆ? 'ಈ' ಅಂದಾಗಲೋ, 'ಟೆ' ಅಂದಾಗಲೋ? ನಿಮ್ಮ ರಿಸೀವರ್ ಮಾಡುತ್ತಿರುವುದು ಇದನ್ನೇ. ಪ್ರತಿ ಸೆಕೆಂಡಿಗೆ ಅದು ಎನ್‌ಎಂಇಎ ಎಂಬ ಸಾಲು ಬರೆದು ಕಳಿಸುತ್ತದೆ: ತಾರೀಖು, ಗಂಟೆ, ನಿಮಿಷ, ಅಕ್ಷಾಂಶ, ರೇಖಾಂಶ. ಸೆಕೆಂಡಿಗೆ 9600 ಬಿಟ್ ವೇಗದ ಸೀರಿಯಲ್ ಲೈನಿನಲ್ಲಿ ಒಂದೊಂದು ಅಕ್ಷರಕ್ಕೂ ಒಂದು ಮಿಲಿಸೆಕೆಂಡು ಬೇಕು. ಎಂಬತ್ತು ಅಕ್ಷರದ ಸಾಲು ಮುಗಿಯುವಷ್ಟರಲ್ಲಿ ಎಂಬತ್ತಕ್ಕೂ ಮೇಲೆ ಆಯಿತು. ಬರೆಯಲು ಕೂರುವ ಮೊದಲು ರಿಸೀವರ್ ಲೆಕ್ಕ ಬೇರೆ ಮಾಡಬೇಕು. ಅದನ್ನೂ ಸೇರಿಸಿ, 140 ಬಂತಾ? ಉಪಗ್ರಹ ತಪ್ಪು ಹೇಳಲಿಲ್ಲ. ಸುದ್ದಿ ತಂದವನು ನಿಧಾನ ಮಾಡಿದ, ಅಷ್ಟೇ.

ಸಮಯ ತರುವುದು ಆ ಸಾಲಲ್ಲ, ಇನ್ನೊಂದು ತಂತಿ. ಅದಕ್ಕೆ ಪಿಪಿಎಸ್ ಅಂತಾರೆ, ಸೆಕೆಂಡಿಗೊಂದು ಮಿಡಿತ. ಅದರಲ್ಲಿ ಅಕ್ಷರವಿಲ್ಲ, ಅಂಕಿಯಿಲ್ಲ. ಸೆಕೆಂಡು ಶುರುವಾಗುವ ಗಳಿಗೆಗೆ ಸರಿಯಾಗಿ ವೋಲ್ಟೇಜು ಟಕ್ಕಂತ ಮೇಲೇರುತ್ತದೆ. ಸಾಧಾರಣ ರಿಸೀವರಿನಲ್ಲೂ ಆ ಏರು ನಿಜವಾದ ಸೆಕೆಂಡಿಗೆ ಕೆಲವೇ ಹತ್ತು ನ್ಯಾನೊಸೆಕೆಂಡುಗಳಷ್ಟು ಹತ್ತಿರ ಇರುತ್ತದೆ. ನ್ಯಾನೊಸೆಕೆಂಡು ಅಂದರೆ ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಪಾಲು. ಯಾವ ಸೆಕೆಂಡು ಅನ್ನುವುದನ್ನು ಸಾಲು ಹೇಳಲಿ, ಎಷ್ಟು ಹೊತ್ತಿಗೆ ಅನ್ನುವುದನ್ನು ಮಿಡಿತ ಹೇಳುತ್ತದೆ. ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯದ ಮೇಲೆ 1833ರಿಂದ ಒಂದು ಚೆಂಡಿದೆ. ಮಧ್ಯಾಹ್ನ 12:55ಕ್ಕೆ ಅದು ಕಂಬದ ಅರ್ಧಕ್ಕೆ ಏರುತ್ತದೆ, 12:58ಕ್ಕೆ ತುದಿಗೆ. ಸರಿಯಾಗಿ ಒಂದು ಗಂಟೆಗೆ ಬೀಳುತ್ತದೆ. ಥೇಮ್ಸ್ ನದಿಯ ಹಡಗಿನವರು ಏರುವುದನ್ನು ನೋಡಿ ತಯಾರಾಗುತ್ತಿದ್ದರು, ಬೀಳಲು ಶುರುವಾದ ಕ್ಷಣಕ್ಕೆ ಗಡಿಯಾರ ಹೊಂದಿಸುತ್ತಿದ್ದರು. ನೀವು ಚೆಂಡನ್ನು ಬಿಟ್ಟು, ಚೆಂಡು ಬಿತ್ತು ಅಂತ ಯಾರೋ ಬರೆದ ಕಾಗದ ಓದಿ ಗಡಿಯಾರ ತಿರುಗಿಸಿದ್ದೀರಿ.

ನಾನು ಮೊದಲ ಸಲ ಆ ತಂತಿ ಬೆಸುಗೆ ಹಾಕಿದ ರಾತ್ರಿ ಇನ್ನೂ ನೆನಪಿದೆ. ಕಿಟಕಿಯ ಮೇಲೆ ಆಂಟೆನಾ, ಕೋಣೆ ಕತ್ತಲು. ಬೋರ್ಡಿನ ಮೇಲಿನ ಸಾಸಿವೆಯಷ್ಟು ದೀಪ ಸೆಕೆಂಡಿಗೊಮ್ಮೆ ಮಿಣ್ಣಂತಿತ್ತು. 20,200 ಕಿಲೋಮೀಟರ್ ಮೇಲಿರುವ ಪರಮಾಣು ಗಡಿಯಾರಗಳ ಮಾತು ಅದು. ಪರದೆಯ ಮೇಲೆ ವ್ಯತ್ಯಾಸದ ಅಂಕಿ ಮಿಲಿಸೆಕೆಂಡಿನಿಂದ ಇಳಿಯುತ್ತಾ ಇಳಿಯುತ್ತಾ ಕೆಲವೇ ಮೈಕ್ರೊಸೆಕೆಂಡಿಗೆ ಬಂತು. ಬೆಳಗ್ಗೆ ಎದ್ದು ನೋಡಿದರೆ ಗ್ರಾಫು ಬಗ್ಗಿತ್ತು. ಏನಾಯಿತು ಅಂತ ತಲೆ ಕೆಡಿಸಿಕೊಂಡೆ. ಏಳೂವರೆಗೆ ಮೇಜಿನ ಮೇಲೆ ಬಿಸಿಲು ಬಿದ್ದಿತ್ತು! ಪೆಟ್ಟಿಗೆ ಬಿಸಿಯಾಗಿ ಒಳಗಿನ ಕ್ವಾರ್ಟ್ಸ್ ಹರಳಿನ ಓಟ ಬದಲಾಗಿತ್ತು. ಆ ಹರಳು ಹತ್ತು ಲಕ್ಷಕ್ಕೆ ಒಂದು ಪಾಲು ತಪ್ಪಿದರೂ ದಿನಕ್ಕೆ 86 ಮಿಲಿಸೆಕೆಂಡು ಜಾರುತ್ತದೆ. ಅಷ್ಟು ವರ್ಷ ಅದೇ ಮೇಜಿನ ಮೇಲೆ ಅದೇ ಬಿಸಿಲು ಬಿದ್ದಿತ್ತು. ನನಗೆ ಕಂಡಿದ್ದು ಅವತ್ತೇ.

ಒಂದು ಪೆಟ್ಟನ್ನೂ ಹೇಳಬೇಕು. ಆಮೇಲೆ ಇನ್ನೊಂದು ಕಂಪ್ಯೂಟರಿಗೆ ಅದೇ ರೀತಿ ಜೋಡಿಸಿದೆ. ಮೂರು ದಿನ ಅದು ಅಲುಗಾಡದೆ ಓಡಿತು. ಆದರೆ ಸರಿಯಾಗಿ 100 ಮಿಲಿಸೆಕೆಂಡು ತಪ್ಪಿತ್ತು. ಮಿಡಿತ ಮೇಲೇರಿ 100 ಮಿಲಿಸೆಕೆಂಡು ಅಲ್ಲೇ ನಿಂತು ಕೆಳಗಿಳಿಯುತ್ತದೆ. ನಡುವೆ ಹಾಕಿದ್ದ ಚಿಪ್ಪು ಸಿಗ್ನಲನ್ನು ತಲೆಕೆಳಗು ಮಾಡಿತ್ತು. ಹಾಗಾಗಿ ಕಂಪ್ಯೂಟರ್ ಏರನ್ನು ಬಿಟ್ಟು ಇಳಿತವನ್ನು ಹಿಡಿದಿತ್ತು. ಗೊತ್ತಾಗಿದ್ದು ಹೇಗೆ? ಪಕ್ಕಕ್ಕೆ ಇಟ್ಟುಕೊಂಡಿದ್ದ ನಾಲ್ಕು ಎನ್‌ಟಿಪಿ ಸರ್ವರುಗಳಿಂದ. ನಾಲ್ಕೂ ಒಂದೇ ಮಾತು ಹೇಳಿದವು. ಇಂಟರ್‌ನೆಟ್ ಸಮಯವನ್ನು ನಾನು ಬಿಡದಿರುವುದು ಇದಕ್ಕೇ, ಸಾಕ್ಷಿ ಹೇಳಲು ಅದು ಬೇಕು.

ಹೀಗೆ ಯೋಚಿಸುವಾಗೆಲ್ಲ ನನಗೆ ರೂತ್ ಬೆಲ್ವಿಲ್ ನೆನಪಾಗುತ್ತಾರೆ. ಲಂಡನ್ನಿನಲ್ಲಿ ಅವರು ಸಮಯ ಮಾರಿ ಬದುಕುತ್ತಿದ್ದರು. 1836ರಲ್ಲಿ ಅವರ ಅಪ್ಪ ಶುರು ಮಾಡಿದ ಕೆಲಸ ಅದು, ಆಮೇಲೆ ಅಮ್ಮ ನಡೆಸಿದರು, ಆಮೇಲೆ ಇವರು. ಕೈಯಲ್ಲಿ ಒಂದು ಜೇಬು ಗಡಿಯಾರ, ಮಾಡಿದವರ ಹೆಸರಿನಿಂದ ಅದಕ್ಕೂ ಆರ್ನಾಲ್ಡ್ ಅಂತಲೇ ಹೆಸರು. ಗ್ರೀನಿಚ್‌ಗೆ ಹೋಗಿ ಅದನ್ನು ಹೋಲಿಸಿ ನೋಡಿಸಿ, ಎಷ್ಟು ಸೆಕೆಂಡು ಹೆಚ್ಚುಕಮ್ಮಿ ಇದೆ ಎಂದು ಚೀಟಿ ಬರೆಸಿಕೊಂಡು, ಗಿರಾಕಿಗಳ ಬಾಗಿಲಿಗೆ ಹೋಗಿ ತೋರಿಸುತ್ತಿದ್ದರು. ಟೆಲಿಗ್ರಾಫ್ ಬಂತು, ರೇಡಿಯೋ ಬಂತು. ಆದರೂ 1940ರವರೆಗೆ ಅವರ ಕೆಲಸ ನಡೆಯಿತು. ನನಗೆ ಇಷ್ಟವಾಗುವುದು ಆ ಚೀಟಿ. ಸಮಯದ ಜೊತೆಗೆ ಅದರ ತಪ್ಪನ್ನೂ ಕೊಟ್ಟು ಬರುತ್ತಿದ್ದರು.

ಇವತ್ತು ಆ ಚೀಟಿ ಯಾರು ಕೊಡುತ್ತಾರೆ ಹೇಳಿ? ಕಂಪ್ಯೂಟರ್ ತಾನು ಮಾಡಿದ್ದನ್ನು ಬರೆದಿಡುವ ಲಾಗ್ ಫೈಲ್ ತೆರೆಯಿರಿ. ಸೆಕೆಂಡಿನ ಚುಕ್ಕೆಯ ಆಚೆ ಆರು ಅಂಕಿ ಇರುತ್ತವೆ, ಆದರೆ ಯಂತ್ರದ ಗಡಿಯಾರ ಮೂರು ಸೆಕೆಂಡು ಹಿಂದಿರುತ್ತದೆ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯದಲ್ಲಿ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನರಿಗೆ ಕರೆಂಟ್ ಹೋಯಿತಲ್ಲ, ಆಗ ಯಾವುದು ಮೊದಲು ಬಿತ್ತು, ಯಾವುದು ಆಮೇಲೆ ಎಂದು ಜೋಡಿಸಲು ತನಿಖೆಯವರು ಪಟ್ಟ ಪಾಡು ಅಷ್ಟಿಷ್ಟಲ್ಲ. ದಾಖಲೆಗಳು ರಾಶಿ ಇದ್ದವು. ದಾಖಲಿಸಿದ ಎಷ್ಟೋ ಯಂತ್ರಗಳ ಗಡಿಯಾರಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಉಪಗ್ರಹ ಸಮಯ ಇದ್ದರೂ ತಪ್ಪುತ್ತದೆ, ಇಲ್ಲವೆನ್ನುವುದಿಲ್ಲ. 2011ರ ಸೆಪ್ಟೆಂಬರಿನಲ್ಲಿ ಒಪೆರಾ ಎಂಬ ಭೌತವಿಜ್ಞಾನ ಪ್ರಯೋಗದವರು ದೊಡ್ಡ ಸುದ್ದಿ ಕೊಟ್ಟರು. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಿಂದ ಇಟಲಿಯ ಗ್ರಾನ್ ಸಾಸ್ಸೊಗೆ ಸುಮಾರು 730 ಕಿಲೋಮೀಟರ್ ಬಂದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡು ಮೊದಲೇ ತಲುಪಿದವು ಅಂತ ಅವರ ಅಳತೆ ಹೇಳಿತ್ತು. ಮುಂದಿನ ವರ್ಷ ಈ ತಪ್ಪು ಅಳತೆಗೆ ಮುಖ್ಯ ಕಾರಣ ಸಿಕ್ಕಿತು. ಜಿಪಿಎಸ್ ಸಮಯವನ್ನು ಕಂಪ್ಯೂಟರಿಗೆ ತರುವ ಫೈಬರ್ ಕೇಬಲ್ಲನ್ನು ಪೂರ್ತಿ ಒತ್ತಿ ಸಿಕ್ಕಿಸಿರಲಿಲ್ಲ! ತುಂಬ ಜನ ಆಗ ನಕ್ಕರು. ನಾನು ನಗಲಿಲ್ಲ. ಅವರು ಅಂಕಿ ಕೊಟ್ಟರು, ತಪ್ಪಿನ ಅಂದಾಜು ಕೊಟ್ಟರು, ಎಲ್ಲಿ ಎಡವಿದ್ದೇವೆ ನೀವೂ ಹುಡುಕಿ ಅಂತ ಲೋಕವನ್ನೇ ಕೇಳಿದರು. ಅಷ್ಟು ಬಿಚ್ಚಿಟ್ಟು ಮಾತಾಡುವವರು ಕಡಿಮೆ. ಜ್ವರ ನೋಡುವ ಯಂತ್ರ, ಹೆಜ್ಜೆ ಎಣಿಸುವ ಕೈಗಡಿಯಾರ, ತೂಕದ ಯಂತ್ರ ಎಲ್ಲವೂ ಒಂದು ಅಂಕಿ ತೋರಿಸಿ ಬಾಯಿ ಮುಚ್ಚಿಕೊಳ್ಳುತ್ತವೆ. ಪ್ರಯೋಗಶಾಲೆಯಲ್ಲಿ ಮಕ್ಕಳು ಪುಸ್ತಕದ ಉತ್ತರ ಬರುವವರೆಗೆ ಅಂಕಿ ತಿದ್ದುತ್ತಾರೆ, ಯಾಕೆಂದರೆ ಮಾರ್ಕು ಅದಕ್ಕೇ. ನಿಮ್ಮ ಕೈಯಲ್ಲಿರುವ ರಿಸೀವರನ್ನೇ ನೋಡಿ. ಒಳಗಿನ ಚಿಪ್ಪಿನಲ್ಲಿ ಮಿಡಿತ ಕೊಡುವ ಪಿನ್ ಇರುವ ಸಂಭವವೇ ಜಾಸ್ತಿ. ಅದನ್ನು ಹೊರಗೆ ತರದೆ, ನಿಖರ ಎಂದು ಬರೆದು ಮಾರುತ್ತಾರೆ. ನಿಮ್ಮ ಸಿಟ್ಟು ಹೋಗಬೇಕಾದ್ದು ಅಲ್ಲಿಗೆ.

ಈಗ ಡಬ್ಬಿ ತೆರೆಯಿರಿ. ಬೋರ್ಡಿನ ಮೇಲೆ ಪಿಪಿಎಸ್ ಎಂದು ಬರೆದ ಚುಕ್ಕೆ ಇದೆಯಾ ನೋಡಿ. ಇಲ್ಲದಿದ್ದರೆ ಪಿಪಿಎಸ್ ಹೊರಗೆ ಕೊಡುವ ಮಾಡ್ಯೂಲ್ ಬೇಕು. ಆ ತಂತಿಯನ್ನು ಯುಎಸ್‌ಬಿಗೆ ತರಬೇಡಿ. ಅಲ್ಲಿ ಕಂಪ್ಯೂಟರ್ ತಾನಾಗಿ ಬಂದು ಕೇಳುವವರೆಗೆ ಮಿಡಿತ ಕಾಯಬೇಕು, ಹಳೆಯ ಬಗೆಯದರಲ್ಲಿ ಅದು ಮಿಲಿಸೆಕೆಂಡಿಗೊಮ್ಮೆ. ಸೀರಿಯಲ್ ಪೋರ್ಟಿನ ಒಂದನೇ ಪಿನ್, ಅಂದರೆ ಡಿಸಿಡಿಗೆ ಕೊಡಿ. ಪುಟ್ಟ ಬೋರ್ಡ್ ಕಂಪ್ಯೂಟರ್ ಆದರೆ ಹೊರಗಿನ ತಂತಿ ಜೋಡಿಸಲೆಂದೇ ಇರುವ ಜಿಪಿಐಒ ಪಿನ್ನಿಗೆ, ವೋಲ್ಟೇಜು ಹೊಂದುತ್ತದೆಯೇ ಎಂದು ನೋಡಿಕೊಂಡು. ಲಿನಕ್ಸಿನಲ್ಲಿ ಗಡಿಯಾರ ಹೊಂದಿಸುವ ಕ್ರೋನಿ ಎಂಬ ತಂತ್ರಾಂಶದಲ್ಲಿ ಮಿಡಿತವನ್ನು ಎನ್‌ಎಂಇಎ ಸಾಲಿಗೆ ಲಾಕ್ ಮಾಡಿ. ನಿಮ್ಮ 140 ಈಗ ಕೆಲಸಕ್ಕೆ ಬರುತ್ತದೆ, ಅದನ್ನೇ ಸಾಲಿನ ಆಫ್‌ಸೆಟ್ ಆಗಿ, ಅಂದರೆ ಸಾಲು ತಡವಾಗುವ ಅಂತರವಾಗಿ, ಬರೆಯಿರಿ. ಹೊಸದಾಗಿ ಎದ್ದ ರಿಸೀವರನ್ನು ಮೊದಲ ಕಾಲು ಗಂಟೆ ನಂಬಬೇಡಿ. ಜಿಪಿಎಸ್‌ನ ಸ್ವಂತ ಸಮಯ ಲೋಕವೆಲ್ಲ ಬಳಸುವ ಯುಟಿಸಿ ಸಮಯಕ್ಕಿಂತ 18 ಸೆಕೆಂಡು ಮುಂದಿದೆ, ಆ ಲೆಕ್ಕದ ಸುದ್ದಿ ಉಪಗ್ರಹದಿಂದ ಬರುವುದು ಹನ್ನೆರಡೂವರೆ ನಿಮಿಷಕ್ಕೊಮ್ಮೆ.

ಒಂದು ರಾತ್ರಿ ಓಡಲು ಬಿಡಿ. ಬೆಳಗ್ಗೆ ಕ್ರೋನಿಯ ಸೋರ್ಸಸ್ ಪಟ್ಟಿ ತೆಗೆದು ನೋಡಿ. ಪ್ರತಿ ಸಾಲಿನ ಕೊನೆಯಲ್ಲಿ ಪ್ಲಸ್ ಮೈನಸ್ ಹಾಕಿ ಒಂದು ಅಂಕಿ ಇರುತ್ತದೆ, ಅದೇ ಬೆಲ್ವಿಲ್ ಅವರ ಚೀಟಿ. ಮಿಡಿತದ ಸಾಲಿನ ಅಂಕಿ, ಇಂಟರ್‌ನೆಟ್ ಸರ್ವರುಗಳ ಅಂಕಿ ಎರಡನ್ನೂ ಬರೆದು ಕಳಿಸಿ. ಆಂಟೆನಾ ಕೇಬಲ್ ಎಷ್ಟು ಮೀಟರ್ ಅಂತಲೂ ಬರೆಯಿರಿ, ಮೀಟರಿಗೆ ಸುಮಾರು ಐದು ನ್ಯಾನೊಸೆಕೆಂಡು ಅಲ್ಲೇ ಹೋಗುತ್ತದೆ. ಮುಂದಿನ ಸಂಚಿಕೆಯಲ್ಲಿ ನಿಮ್ಮ ಪಟ್ಟಿಯನ್ನು ಇದ್ದದ್ದು ಇದ್ದ ಹಾಗೆ ಅಚ್ಚು ಹಾಕುತ್ತೇನೆ.