ಬಲೆ ಎಲ್ಲಿ ಹೋಯಿತು?

ಮಾನ್ಯರೆ,

ಕ್ವಾಡ್ ಸಿಟಿ ಸ್ಟೀಮ್‌ವೀಲರ್ಸ್ ತಂಡದ ಮೇಲಿನ ನಿಮ್ಮ ಲೇಖನ ಓದಿದೆ. ಎರಡನೇ ದರ್ಜೆಯ ಒಳಾಂಗಣ ಅಮೆರಿಕನ್ ಫುಟ್‌ಬಾಲ್ (ಸಾಕರ್ ಅಲ್ಲ) ತಂಡ, ಅದೂ ಮುಚ್ಚಿಹೋದದ್ದು. ಇಂಥದ್ದನ್ನು ಕನ್ನಡದಲ್ಲಿ ಬರೆಯಲು ಹೊರಟಿದ್ದಕ್ಕೆ ಭೇಷ್. ಭಾಷೆ ತಿಳಿಯಾಗಿದೆ. ಮೊದಲ ಸೀಸನ್ನಿನ ಲೆಕ್ಕವೂ ಸರಿ: 2000ದಲ್ಲಿ ಆಡಿದ 19ರಲ್ಲಿ 19 ಗೆಲುವು, ಫೈನಲ್‌ನಲ್ಲಿ ಟೆನೆಸೀ ವ್ಯಾಲಿ ವೈಪರ್ಸ್ ವಿರುದ್ಧ 68–59. ಆದರೂ ವಾಪಸ್ ಕಳಿಸುತ್ತಿದ್ದೇನೆ. ಮೂರನೇ ಪುಟ ಓದಿ ನಿಜಕ್ಕೂ ಸಿಟ್ಟು ಬಂತು.

ಅಲ್ಲಿರುವುದು ಇಷ್ಟು: "ಒದೆತ ಗುರಿ ತಪ್ಪಿತು. ಚೆಂಡು ಗೋಡೆಯಾಚೆ ಹೋಯಿತು. ಆಟ ನಿಂತಿತು."

"ಒದೆತ ಗುರಿ ತಪ್ಪಿತು." ಯಾಕೆ ತಪ್ಪಿತು? ಫೀಲ್ಡ್ ಗೋಲ್ ಅಂದರೆ ಚೆಂಡನ್ನು ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಒದ್ದು ದಾಟಿಸುವುದು. ಹೊರಾಂಗಣದ ವೃತ್ತಿಪರ ಆಟದಲ್ಲಿ ಎರಡು ಕಂಬಗಳ ನಡುವೆ ಹದಿನೆಂಟೂವರೆ ಅಡಿ, ಅಡ್ಡಪಟ್ಟಿ 10 ಅಡಿ ಎತ್ತರದಲ್ಲಿ. ಇಲ್ಲಿ ಕಂಬಗಳ ನಡುವೆ ಬರೀ 9 ಅಡಿ, ಅಡ್ಡಪಟ್ಟಿ 15 ಅಡಿ ಮೇಲೆ. ಗುರಿ ಅರ್ಧಕ್ಕಿಂತ ಕಿರಿದು, ಒಂದೂವರೆ ಪಟ್ಟು ಎತ್ತರ. ಇದನ್ನು ಹೇಳದಿದ್ದರೆ ಓದುಗ ಒದ್ದವನನ್ನೇ ದಡ್ಡ ಅಂದುಕೊಳ್ಳುತ್ತಾನೆ.

"ಚೆಂಡು ಗೋಡೆಯಾಚೆ ಹೋಯಿತು." ಬಲೆ ಎಲ್ಲಿ ಹೋಯಿತು ಸ್ವಾಮಿ? ಕಂಬಗಳ ಎಡಕ್ಕೂ ಬಲಕ್ಕೂ 30 ಅಡಿ ಅಗಲ, 32 ಅಡಿ ಎತ್ತರದ ಬಿಗಿ ಬಲೆ ಕಟ್ಟಿರುತ್ತದೆ; ಅದರ ಕೆಳಅಂಚು ನೆಲದಿಂದ 8 ಅಡಿ ಮೇಲೆ. ಕೂಡಿಸಿ ನೋಡಿ: 30, 9, 30, ಒಟ್ಟು 69 ಅಡಿ. ಮೈದಾನದ ಅಗಲವೇ 85 ಅಡಿ. ಗುರಿ ತಪ್ಪಿದ ಚೆಂಡು ಸಾಮಾನ್ಯವಾಗಿ ಬಲೆಗೆ ಬಡಿದು ವಾಪಸ್ ಬರುತ್ತದೆ.

"ಆಟ ನಿಂತಿತು." ನಿಲ್ಲುವುದಿಲ್ಲ! ಬಲೆಯಿಂದ ಪುಟಿದ ಚೆಂಡು ಜೀವಂತ. ಎದುರಾಳಿ ಅದನ್ನು ಹಿಡಿದು ಅಲ್ಲಿಂದಲೇ ಓಡಬಹುದು. ಈ ಆಟದಲ್ಲಿ ಪಂಟ್ (ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗೆ ಬಿಟ್ಟುಕೊಡುವುದು) ಇಲ್ಲ. ನಾಲ್ಕನೇ ಡೌನ್‌ನಲ್ಲಿ, ಅಂದರೆ ಮುನ್ನುಗ್ಗುವ ಕೊನೆಯ ಸರದಿಯಲ್ಲಿ, ಗತಿಯಿಲ್ಲದೆ ದೂರದಿಂದ ಫೀಲ್ಡ್ ಗೋಲ್‌ಗೆ ಒದೆಯುತ್ತಾರೆ, ತಪ್ಪಿದರೆ ಅದೇ ಚೆಂಡು ತಮ್ಮ ಮೇಲೆಯೇ ತಿರುಗಿ ಬರುತ್ತದೆ. ಬಲೆಯನ್ನೂ ದಾಟಿ ಪ್ರೇಕ್ಷಕರ ಮಡಿಲಿಗೆ ಬಿದ್ದರೆ ಮಾತ್ರ ಆಟ ನಿಲ್ಲುವುದು. ಆಗ ಚೆಂಡು ಹಿಡಿದ ಪ್ರೇಕ್ಷಕರದ್ದೇ. ನೀವು ಹೇಳಿದ್ದು ಅದನ್ನೇ ಆಗಿದ್ದರೆ ಹಾಗೆಂದು ಬರೆಯಬೇಕಿತ್ತು.

ಇಷ್ಟು ಹಟ ಹಿಡಿಯಲು ಕಾರಣವಿದೆ. ಈ ತಂಡ ಕಟ್ಟಿದವರು ಜಿಮ್ ಫಾಸ್ಟರ್. 1981ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಒಳಾಂಗಣ ಸಾಕರ್ ನೋಡುತ್ತ ಕೂತು, ಲಕೋಟೆಯೊಂದರ ಮೇಲೆ ಈ ಆಟದ ನಕ್ಷೆ ಗೀಚಿದ ಮನುಷ್ಯ. 1990ರಲ್ಲಿ ಆಟಕ್ಕೆ ಪೇಟೆಂಟ್ ಸಿಕ್ಕಿತು, ಬಲೆಯೂ ಅದರೊಳಗೆ. ಅದಕ್ಕೇ ಬೇರೆ ಒಳಾಂಗಣ ಲೀಗ್‌ಗಳು ಬಲೆಯಿಲ್ಲದೆ ಆಡಬೇಕಾಯಿತು. ಬಲೆ ತಂದವನ ಸ್ವಂತ ತಂಡದ ಚರಿತ್ರೆಯಲ್ಲಿ ಬಲೆಯೇ ಇಲ್ಲ!

ಡೆಸ್ಕಿನಲ್ಲಿ ಕೆಲಸ ಕಲಿಯುವ ಕಾಲಕ್ಕೆ ನಮಗೆ ಬಿದ್ದ ಮೊದಲ ಪಾಠ, ಆಟದ ಬಗ್ಗೆ ಬರೆಯುವ ಮುನ್ನ ಆಟದಂಕಣದ ನಕ್ಷೆ ಬರೆದುಕೋ ಎಂಬುದು. ನೀವೂ ಚೌಕುಳಿ ಕಾಗದ ತೆಗೆದುಕೊಳ್ಳಿ, ಒಂದು ಮನೆಗೆ ಒಂದು ಗಜ. ಮೈದಾನ 50 ಗಜ, ಎರಡು ತುದಿಗೂ ಎಂಡ್ ಝೋನ್ (ಚೆಂಡು ಒಯ್ದು ಅಂಕ ಗಳಿಸುವ ಪಟ್ಟಿ) ಎಂಟೆಂಟು ಗಜ. ಒಟ್ಟು 66 ಗಜ, ಅಂದರೆ 198 ಅಡಿ. ಅಮೆರಿಕದ ಐಸ್ ಹಾಕಿಯ ಅಂಕಣ 200 ಅಡಿ ಉದ್ದ, 85 ಅಡಿ ಅಗಲ. ಸ್ಟೀಮ್‌ವೀಲರ್ಸ್ ಆಡುತ್ತಿದ್ದ ಮೊಲೀನ್‌ನ ದಿ ಮಾರ್ಕ್ ಸಭಾಂಗಣದಲ್ಲಿ ಹಾಕಿ ತಂಡವೂ ಆಡುತ್ತಿತ್ತು. ಆ ಅಂಕಣದೊಳಗೇ ಈ ಆಟ ಕೂರುತ್ತದೆ. ಪಕ್ಕದ ಗೆರೆಯಾಚೆ ಜಾಗವಿಲ್ಲ, ಮೆತ್ತೆ ಹೊದಿಸಿದ ಹಲಗೆಗೋಡೆಯೇ ಗಡಿ. ನಕ್ಷೆ ಬರೆದಿದ್ದರೆ "ಆಟಗಾರ ಗೆರೆ ದಾಟಿ ಹತ್ತು ಹೆಜ್ಜೆ ಓಡಿದ" ಎಂಬ ವಾಕ್ಯ ನಿಮ್ಮ ಕೈಯಿಂದ ಬರುತ್ತಲೇ ಇರಲಿಲ್ಲ. (ಅಂದಹಾಗೆ, ಕ್ವಾಡ್ ಸಿಟಿ ಅನ್ನುವ ಊರಿಲ್ಲ. ಮಿಸಿಸಿಪಿಯ ಎರಡೂ ದಡದ ಊರುಗಳ ಗುಂಪಿಗೆ ಆ ಹೆಸರು. ಮೊಲೀನ್ ಇಲಿನಾಯ್ ಕಡೆಯದು.)

ಎರಡನೆಯ ತಕರಾರು ಕೊನೆಯ ಪ್ಯಾರಾದ್ದು. "ಜನ ಕೈಬಿಟ್ಟರು, ತಂಡ ಸತ್ತಿತು, 2018ರಲ್ಲಿ ಮತ್ತೆ ಎದ್ದುಬಂತು" ಅಂದಿದ್ದೀರಿ. ಮುಳುಗಿದ್ದು ಇಡೀ ಹಡಗು. ಮಾತೃಲೀಗ್ ಅರೀನಾ ಫುಟ್‌ಬಾಲ್ 2009ರ ಸೀಸನ್ ರದ್ದುಮಾಡಿ ದಿವಾಳಿಯಾಯಿತು. ಅದರ ಮರಿ ಎಎಫ್2, ಸ್ಟೀಮ್‌ವೀಲರ್ಸ್ ಆಡುತ್ತಿದ್ದ ಎರಡನೇ ದರ್ಜೆಯ ಲೀಗ್, ಆ ವರ್ಷ ಹೇಗೋ ಆಡಿ ಮುಗಿಸಿ ತಾನೂ ಚದುರಿತು. ಸ್ಪೋಕೇನ್, ಟಲ್ಸಾದಂಥ ತಂಡಗಳು 2010ರಲ್ಲಿ ಹೊಸದಾಗಿ ಶುರುವಾದ ಲೀಗ್ ಸೇರಿಕೊಂಡವು, ಸ್ಟೀಮ್‌ವೀಲರ್ಸ್ ಸೇರಲಿಲ್ಲ. ಯಾಕೆ ಸೇರಲಿಲ್ಲ ಎಂಬುದೇ ನಿಮ್ಮ ಲೇಖನದ ಪ್ರಶ್ನೆಯಾಗಬೇಕಿತ್ತು. 2018ರದ್ದು ಹಳೆಯ ಹೆಸರು ಹೊತ್ತ ಹೊಸ ತಂಡ, ಬೇರೆ ಲೀಗ್, ಮತ್ತೆ ಅದೇ ಮಾತು, ಅಲ್ಲಿ ಬಲೆ ಇಲ್ಲ. ಎರಡರ ಗೆಲುವು ಸೋಲು ಒಂದೇ ಪಟ್ಟಿಯಲ್ಲಿ ಕೂಡಿಸಿದ್ದೀರಿ, ಬೇರ್ಪಡಿಸಿ.

ಉಳಿದ ಪುಟಗಳನ್ನು ಮುಟ್ಟಬೇಡಿ. ಮೂರನೆಯದು ಮತ್ತು ಕೊನೆಯದು ತಿದ್ದಿ, ಅಂಕಣದ ನಕ್ಷೆಯನ್ನೂ ಲಗತ್ತಿಸಿ ಕಳಿಸಿ. ಮೊದಲು ನೋಡುವುದು ನಕ್ಷೆಯನ್ನೇ.

— ಸಂ.