ದಾನಪತ್ರ ಬೇಡ, ನಡೆಸುವ ಒಪ್ಪಂದ ಕೇಳಿ

ಓದುಗರ ಪತ್ರ: ನಮ್ಮೂರ ನಗರಸಭೆಯ ಹಳೆಯ ಪಂಪ್‌ಹೌಸ್, ಪಕ್ಕದ ಶೆಡ್ಡು ವರ್ಷಗಳಿಂದ ಖಾಲಿ ಬಿದ್ದಿವೆ. ಮೂಲೆ ಸೇರಿದ ಒಂದು ಟಿಪ್ಪರ್, ಒಂದಷ್ಟು ಕಬ್ಬಿಣದ ಸಾಮಾನೂ ಇದೆ. ಎಲ್ಲವನ್ನೂ ಪ್ರಾಣಿದಯಾ ಸಂಘಕ್ಕೆ ದಾನ ಕೊಟ್ಟರೆ ಬೀದಿನಾಯಿಗಳ ಆರೈಕೆಗೆ ಆಗುತ್ತದೆ. ಸಾಮಾನ್ಯ ಸಭೆಯಲ್ಲಿ ಒಂದು ನಿರ್ಣಯವಾದರೆ ಸಾಕು ಎನ್ನುತ್ತಾರೆ ಸದಸ್ಯರು. ಹೌದೇ?

ಸಂಪಾದಕರ ಉತ್ತರ: ಸಾಲದು. ಆ ನಿರ್ಣಯವನ್ನು ನಂಬಿ ಸಂಘದವರು ಗೂಡು ಕಟ್ಟಿಸಿದ ಮೇಲೆ ಆಡಿಟ್ ಆಕ್ಷೇಪಣೆ ಬಂದರೆ ಹಣವೂ ಹೋಯಿತು, ಜಾಗವೂ ಹೋಯಿತು. ಕಟ್ಟಡದ ದಾರಿ ಬೇರೆ, ಸಾಮಾನಿನ ದಾರಿ ಬೇರೆ. ಒಂದೇ ಅರ್ಜಿಯಲ್ಲಿ ಎರಡನ್ನೂ ಕೇಳಬೇಡಿ.

ಮೊದಲು ಜಾಗ ಯಾರದ್ದು ನೋಡಿ. ಪಂಪ್‌ಹೌಸ್ ನಡೆಸಿದ್ದು ನಗರಸಭೆಯೇ ಆದರೂ ಪಹಣಿಯಲ್ಲಿ ‘ಸರ್ಕಾರಿ’ ಎಂದಿರಬಹುದು, ಇಲ್ಲವೇ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಯ ಸ್ವತ್ತಾಗಿರಬಹುದು. ಪಹಣಿ, ಸರ್ವೆ ನಕ್ಷೆ, ನಗರಸಭೆಯ ಆಸ್ತಿ ವಹಿ ಮೂರೂ ತಾಳೆಯಾಗಬೇಕು. ಉದ್ಯಾನಕ್ಕೆ ಬಿಟ್ಟ ಜಾಗವಾದರೆ ಅಲ್ಲಿಗೇ ಕೈಬಿಡಿ. 1985ರ ಉದ್ಯಾನ ಸಂರಕ್ಷಣಾ ಕಾಯ್ದೆ ಅಡ್ಡ ಬರುತ್ತದೆ.

ನಗರಸಭೆಯದ್ದೇ ಎಂದು ಖಚಿತವಾದರೂ ದಾನ ಬೇಡ ಎಂಬುದೇ ನಮ್ಮ ಸಲಹೆ. ಪರಭಾರೆಗೂ ದೀರ್ಘ ಗುತ್ತಿಗೆಗೂ ಸರ್ಕಾರದ ಪೂರ್ವಾನುಮತಿ ಬೇಕು. ಮೇಲಾಗಿ, ಭೋಪಾಲದಲ್ಲಿ ಜಾಹೀರಾತಿಲ್ಲದೆ ಟ್ರಸ್ಟೊಂದಕ್ಕೆ ಕೊಟ್ಟ ಸರ್ಕಾರಿ ಜಮೀನಿನ ಮಂಜೂರಾತಿಯನ್ನು ಸುಪ್ರೀಂ ಕೋರ್ಟ್ 2011ರಲ್ಲಿ ರದ್ದು ಮಾಡಿದೆ. ನಿಮ್ಮ ಸಂಘ ಎಷ್ಟೇ ಒಳ್ಳೆಯದಿರಲಿ, ಬೇರೆಯವರಿಗೆ ಅರ್ಜಿ ಹಾಕಲು ಅವಕಾಶವಿಲ್ಲದೆ ಪಡೆದ ಆಸ್ತಿ ದಕ್ಕುವುದು ಕಷ್ಟ.

ಇದಕ್ಕಿಂತ ಸಲೀಸಾದ ದಾರಿಯಿದೆ. 2023ರ ಪ್ರಾಣಿ ಸಂತಾನ ನಿಯಂತ್ರಣ (ಇಂಗ್ಲಿಷಿನಲ್ಲಿ ಚಿಕ್ಕದಾಗಿ ಎಬಿಸಿ) ನಿಯಮಗಳ ಪ್ರಕಾರ ಬೀದಿನಾಯಿಗಳ ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬಿಸ್ ಲಸಿಕೆ ಸ್ಥಳೀಯ ಸಂಸ್ಥೆಯದ್ದೇ ಹೊಣೆ. ಕಟ್ಟಡ ನಗರಸಭೆಯ ಹೆಸರಿನಲ್ಲೇ ಉಳಿದು ಎಬಿಸಿ ಕೇಂದ್ರವಾಗಲಿ, ನಡೆಸಲು ಪೌರಾಯುಕ್ತರು ಸಂಸ್ಥೆಗಳಿಂದ ಅರ್ಜಿ ಕರೆಯಲಿ. ನಿಮ್ಮ ಸಂಘವೂ ಹಾಕಲಿ. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ ಯೋಜನಾ ಮಾನ್ಯತೆ ಪತ್ರವಿಲ್ಲದೆ ಮಾತ್ರ ಈ ಕೆಲಸಕ್ಕೆ ಕೈಹಾಕುವಂತಿಲ್ಲ.

ಇನ್ನು ಶೆಡ್ಡು ಸಾಕಾದೀತೇ ಎಂಬ ಲೆಕ್ಕ. ಉತ್ಸಾಹದಲ್ಲಿ ಎಲ್ಲರೂ ಮರೆಯುವುದು ಇದನ್ನೇ. ಶಸ್ತ್ರಚಿಕಿತ್ಸೆಗೆ ಮುನ್ನ ಹೊಟ್ಟೆ ಖಾಲಿ ಇಡಲು ಒಂದು ದಿನ, ಆಮೇಲೆ ಗಾಯ ಮಾಯಲು ಕನಿಷ್ಠ ನಾಲ್ಕು ದಿನ. ಅಲ್ಲಿಗೆ ಒಂದು ನಾಯಿಗೆ ಒಂದು ಗೂಡು ಐದು ದಿನ ಬೇಕು. ದಿನಕ್ಕೆ 10 ಶಸ್ತ್ರಚಿಕಿತ್ಸೆ ಎಂದರೆ 50 ಗೂಡು. 20 ಗೂಡಿಗಷ್ಟೇ ಜಾಗವಿದ್ದರೆ ದಿನಕ್ಕೆ ನಾಲ್ಕೇ ನಾಯಿ. ಗೂಡು ಸಾಲದಾದಾಗ ಒಂದರಲ್ಲಿ ಎರಡು ತುರುಕುತ್ತಾರೆ, ಇಲ್ಲವೇ ಎರಡೇ ದಿನಕ್ಕೆ ಬಿಟ್ಟುಬಿಡುತ್ತಾರೆ. ಕಚ್ಚಾಟ, ಹೊಲಿಗೆ ಬಿಚ್ಚುವುದು, ಕೀವು ಎಲ್ಲ ಶುರುವಾಗುವುದು ಅಲ್ಲಿಂದಲೇ. ರೇಬಿಸ್ ಶಂಕೆಯ ನಾಯಿಗೆ ಬೇರೆಯೇ ಕೋಣೆ ಬೇಕು, ಅದು ಈ ಲೆಕ್ಕದಲ್ಲಿಲ್ಲ.

ಇನ್ನೊಂದು ತೊಡಕು ಹೊಸದು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಆವರಣದಲ್ಲಿ ಹಿಡಿದ ನಾಯಿಗಳನ್ನು ಮರಳಿ ಅಲ್ಲೇ ಬಿಡಬಾರದು, ಆಶ್ರಯತಾಣದಲ್ಲಿ ಇಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಆದೇಶಿಸಿದೆ. ಅಂಥವು ಗೂಡು ಖಾಲಿ ಮಾಡುವುದೇ ಇಲ್ಲ. ಅವನ್ನೂ ನಿಮ್ಮ 20 ಗೂಡಿಗೇ ತಂದು ಬಿಡಲು ಒಪ್ಪಿಕೊಂಡರೆ ನೋಡನೋಡುತ್ತ ಶಸ್ತ್ರಚಿಕಿತ್ಸೆಯೇ ನಿಂತುಹೋಗುತ್ತದೆ. ಇದನ್ನು ಒಪ್ಪಂದದಲ್ಲೇ ಬರೆಸಿ.

ನೆಲ ಚರಂಡಿಯ ಕಡೆಗೆ ಇಳಿಜಾರಾಗಿರಬೇಕು. ಪಂಪ್‌ಹೌಸಿನಲ್ಲಿ ಯಂತ್ರ ಕೂರಿಸಿದ ಕಾಂಕ್ರೀಟ್ ಕಟ್ಟೆಗಳಿರುತ್ತವೆ. ಒಡೆಸುವ ಖರ್ಚು ಯಾರದ್ದೆಂದು ಮೊದಲೇ ಕೇಳಿ. ಕತ್ತರಿಸಿ ತೆಗೆದ ಅಂಗಗಳು ಜೈವಿಕ ವೈದ್ಯಕೀಯ ತ್ಯಾಜ್ಯ. ಹಳದಿ ಚೀಲದಲ್ಲಿ ಹೋಗಬೇಕು, ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿಯೂ ಬೇಕು. ಕಸದ ಗಾಡಿಗೆ ಹಾಕುವಂತಿಲ್ಲ.

ಕರೆಂಟು ಬಿಲ್ಲು, ಛಾವಣಿ ರಿಪೇರಿ ಯಾರ ಪಾಲಿಗೆ, ಒಪ್ಪಂದ ಮುರಿದ ದಿನ ಒಳಗಿರುವ ನಾಯಿಗಳು ಯಾರ ಹೊಣೆ, ಇವೂ ಬರಹದಲ್ಲಿರಲಿ. ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರು ನಂಬಿ ಕಟ್ಟಡಕ್ಕೆ ದುಡ್ಡು ಸುರಿಯಬೇಡಿ.

ಟಿಪ್ಪರ್ ವಿಷಯ: ಆರ್‌ಸಿ ತೆಗೆದು ವರ್ಷ ನೋಡಿ. 2023ರ ಏಪ್ರಿಲ್ 1ರಿಂದ ಸರ್ಕಾರದ, ಸ್ಥಳೀಯ ಸಂಸ್ಥೆಗಳ 15 ವರ್ಷ ದಾಟಿದ ವಾಹನಗಳ ನೋಂದಣಿ ನವೀಕರಣವಾಗುವುದಿಲ್ಲ. ಅವು ನೋಂದಾಯಿತ ಗುಜರಿ ಘಟಕಕ್ಕೇ ಹೋಗಬೇಕು. ದಾನವಾಗಿ ಪಡೆದರೂ ರಸ್ತೆಗಿಳಿಸಲಾಗದು.

ಕಬ್ಬಿಣದ ಸಾಮಾನು ನಿರುಪಯುಕ್ತ ಪಟ್ಟಿಗೆ ಸೇರಿ, ಬೆಲೆ ನಿಗದಿಯಾಗಿ ಹರಾಜಿಗೆ ಬಂದಾಗ ಸಂಘವೇ ಕೂಗಿ ಕೊಳ್ಳುವುದು ಚೊಕ್ಕ. ಜಿಐ ಪೈಪು, ದಪ್ಪ ಜಾಲರಿ ಗೂಡಿಗೆ ಬರುತ್ತವೆ. ತುಕ್ಕು ತಿಂದ ಶೀಟು ಅಗ್ಗಕ್ಕೆ ಸಿಕ್ಕರೂ ಬಿಡಿ, ಅದರ ಅಂಚು ನಾಯಿಯ ಪಾದ ಸೀಳುತ್ತದೆ.